ಅಂಗೈ ಇಡದ ದಿನ

ಪೀಣ್ಯದಲ್ಲಿ ನಾನು ದುಡಿದ ಕುದುರೆ ಜೀನಿನ ಕಾರ್ಖಾನೆಗೆ ಹೊಸದಾಗಿ ಸೇರಿದವರ ಮುಂದೆ ನಾಲ್ಕು ಮಾತಾಡಿ ಅಂತ ಹೋದ ತಿಂಗಳು ನನ್ನನ್ನ ಕರೆದಿದ್ರು. ಮೈಕು ಕೈಗೆ ಬಂದ ಕೂಡಲೇ ಮುಂದಿನ ಸಾಲಲ್ಲಿದ್ದ ಒಬ್ಬ ಹುಡುಗಿ ಎದ್ದು, "ಸಾರ್, ಕುದುರೆಗೆ ಲೆದರ್ ಸ್ಯಾಡಲ್ ಒಳ್ಳೇದಾ, ಸಿಂಥೆಟಿಕ್ ಒಳ್ಳೇದಾ?" ಅಂತ ಕೇಳಿದಳು. ಈ ಪ್ರಶ್ನೆ ನನ್ನನ್ನ ಕೇಳದವರೇ ಇಲ್ಲ. ಬಾಯಿಪಾಠ ಆಗಿರೋ ಉತ್ತರ ಒಂದಿದೆ, ಒಪ್ಪಿಸಿದೆ. ಚಪ್ಪಾಳೆ ತಟ್ಟಿದ್ರು, ಟೀ ಬಿಸ್ಕತ್ತು ಕೊಟ್ರು. ವಾಪಸ್ ಬರೋವಾಗ ಬಸ್ಸಲ್ಲಿ ಕೂತ್ಕೊಂಡು ಯೋಚನೆ ಮಾಡಿದ್ರೆ, ಹೇಳಲೇಬೇಕಾಗಿದ್ದ ಒಂದು ಮಾತು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿ ಬಂದ್ಬಿಟ್ಟಿದ್ದೆ. ಅಷ್ಟು ಜನರ ಮುಂದೆ ಅದನ್ನ ಹೇಳೋಕೆ ನಾಲಿಗೆ ಏಳಲಿಲ್ಲ. ಅದಕ್ಕೇ ಈಗ ಬರೀತಿದ್ದೀನಿ.

ನನ್ನ ಹೆಸರು ಮರಿಯಪ್ಪ. ಇಪ್ಪತ್ತನೇ ವಯಸ್ಸಿಗೆ ಆ ಕಾರ್ಖಾನೆಗೆ ಸೇರಿದೆ. ಅಲ್ಲಿ ಮೂವತ್ತೆರಡು ವರ್ಷ, ಆಮೇಲೆ ವೈಟ್‌ಫೀಲ್ಡ್ ಆಚೆಗಿನ ಒಂದು ಸವಾರಿ ಶಾಲೆಯಲ್ಲಿ ಆರು ವರ್ಷ. ಯಾವಾಗ ಮೇಸ್ತ್ರಿ ಆದೆ, ಯಾವಾಗ ಸೂಪರ್‌ವೈಸರ್ ಆದೆ ಅನ್ನೋದು ನಿಮಗೆ ಕಟ್ಕೊಂಡು ಏನಾಗಬೇಕು. ಆ ಕಥೆ ತೆಗೆದ್ರೆ ನನ್ನ ಹೆಂಡತಿ ಸಾವಿತ್ರೀನೇ ಎದ್ದು ಅಡುಗೆಮನೆಗೆ ಹೋಗ್ತಾಳೆ.

ನನಗೆ ಕೆಲಸ ಕಲಿಸಿದವರು ಗಫೂರ್ ಸಾಹೇಬರು. ಮಾಲೀಕರಿಂದ ಹಿಡಿದು ಕಸ ಗುಡಿಸೋರವರೆಗೆ ಎಲ್ಲರೂ ಅವರನ್ನ ಉಸ್ತಾದ್ ಅಂತಿದ್ರು. ಸಣ್ಣ ಆಳು, ದೊಡ್ಡ ಕೈ. ಮೇಣ ಹಚ್ಚಿದ ನೂಲು ಎಳೆದೆಳೆದು ತೋರುಬೆರಳಲ್ಲಿ ಒಂದು ಗೆರೆ ಕೊರೆದು ಹೋಗಿತ್ತು. ಆಗ ಎಲ್ಲ ಚರ್ಮದ್ದೇ. ಒಂದು ಜೀನು ಶುರುವಿಂದ ಕೊನೇತನಕ ಒಬ್ಬನ ಕೈಯಲ್ಲೇ ಆಗಬೇಕು ಅನ್ನೋದು ಅವರ ಹಟ. ನಾನು ಸೇರಿದ ಮೂರನೇ ತಿಂಗಳಲ್ಲಿ ಸವಾರನ ಕಾಲಿನ ಕೆಳಗೆ ಎರಡೂ ಪಕ್ಕ ಇಳಿಬೀಳೋ ರೆಕ್ಕೆ ಕತ್ತರಿಸೋಕೆ ಕೊಟ್ರು. ಒಳ್ಳೇ ದುಬಾರಿ ಚರ್ಮ. ಅಚ್ಚು ತಿರುಗಿಸೋದು ಮರೆತು ಎರಡನ್ನೂ ಎಡಗಡೇದೇ ಕತ್ತರಿಸಿಬಿಟ್ಟೆ. ಬೈತಾರೆ ಅಂತ ತಲೆ ಬಗ್ಗಿಸಿಕೊಂಡು ನಿಂತಿದ್ದೆ. ಉಸ್ತಾದ್ ಎರಡನ್ನೂ ಕೈಯಲ್ಲಿ ಹಿಡಿದು ನೋಡಿ, "ಎರಡೂ ಎಡಗಾಲು ಇರೋ ಗಿರಾಕಿ ಸಿಕ್ಕಿದ್ರೆ ಮಾರೋಣ ಬೇಟಾ" ಅಂದು, ನನ್ನ ಸ್ಟೂಲಿನ ಎದುರಿಗೆ ಗೋಡೆಗೆ ಮೊಳೆ ಹೊಡೆದು ನೇತು ಹಾಕಿದ್ರು. ಒಂದು ವರ್ಷ ಅವು ಅಲ್ಲೇ ಇದ್ದವು.

ಅವರು ಕಲಿಸಿದ ಪಾಠಗಳಲ್ಲಿ ಒಂದನ್ನ ಮಾತ್ರ ಇಲ್ಲಿ ಬಿಡಿಸಿ ಹೇಳ್ತೀನಿ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಕಾರ್ಖಾನೆ ಹಿಂದಿನ ಗಲ್ಲೀಲಿ ಉಸ್ತಾದರ ಭಾವಮೈದ ಜಟಕಾ ಓಡಿಸ್ತಿದ್ರು. ಹೊಸ ಮಾದರಿ ಮುಗಿದಾಗೆಲ್ಲ ಆ ಕುದುರೇನ ಬಿಚ್ಚಿಕೊಂಡು ಬರೋರು. ಹೊರದೇಶದ ಕುದುರೆ ಅಳತೆಗೆ ಹೊಲಿದ ಜೀನು ಅದರ ಮೇಲೆ ದೊಗಳೆ ಆಗೋದು, ಆದ್ರೂ ಪಾಠಕ್ಕೆ ಸಾಕಿತ್ತು. ಜೀನು ಇಟ್ಟು, ಹೊಟ್ಟೆಪಟ್ಟಿ ಬಿಗಿದು, ಒಬ್ಬರನ್ನ ಮೇಲೆ ಕೂರಿಸೋರು. ಆಮೇಲೆ ನನ್ನ ಕೈ ಹಿಡಿದು ಜೀನಿಗೂ ಕುದುರೆ ಬೆನ್ನಿಗೂ ನಡುವೆ ತೂರಿಸಿ, ಹೆಗಲ ದಿಬ್ಬದಿಂದ ಹಿಂದಕ್ಕೆ ನಿಧಾನವಾಗಿ ಎಳೆಸೋರು. "ನಿನ್ನ ಕೈಗೆ ಎಲ್ಲಿ ನೋವಾಯ್ತೋ ಅಲ್ಲಿ ಅದಕ್ಕೂ ನೋವು. ಅದಕ್ಕೆ ಬಾಯಿ ಇಲ್ಲ. ನಿನಗಿದೆ, ಬಂದು ನನಗೆ ಹೇಳು" ಅನ್ನೋರು. ಮೊದಲ ಸಲ ನನ್ನ ಬೆರಳು ಸಿಕ್ಕಿ ನೀಲಿಗಟ್ಟಿತ್ತು. ಉಸ್ತಾದ್ ಅದನ್ನ ನೋಡಿ ಖುಷಿಪಟ್ಟು, ಜೀನಿನೊಳಗೆ ಆ ಜಾಗದಲ್ಲಿ ತುಂಬಿದ್ದ ಉಣ್ಣೆ ತೆಗೆಸಿ ಮತ್ತೆ ತುಂಬಿಸಿದ್ರು. ಅಂಗೈ ಇಡದೆ ಒಂದೇ ಒಂದು ಮಾದರಿಯೂ ಅವರ ಮೇಜು ದಾಟಿ ಹೋಗಿದ್ದು ನಾನು ಕಾಣೆ.

ಇಪ್ಪತ್ತು ವರ್ಷ ಹೀಗೇ ನಡೀತು. ಒಂದು ದಿನ ಮ್ಯಾನೇಜರು ಕಪ್ಪು ಬಣ್ಣದ ಒಂದು ಜೀನು ತಂದು ಮೇಜಿನ ಮೇಲಿಟ್ಟು, "ಎತ್ತಿ ನೋಡಿ ಉಸ್ತಾದ್" ಅಂದ್ರು. ಉಸ್ತಾದ್ ಎರಡೂ ಕೈ ಹಾಕಿ ಎತ್ತಿದ್ರು, ಅದು ಜುಂಯ್ ಅಂತ ಮೇಲೆ ಬಂದು ಅವರ ಗದ್ದಕ್ಕೆ ತಗಲೋದ್ರಲ್ಲಿತ್ತು. ನಾವೆಲ್ಲ ನಕ್ಕುಬಿಟ್ವಿ. ಅವರು ಮೂಸಿ ನೋಡಿ, "ಇದಕ್ಕೆ ವಾಸನೇನೇ ಇಲ್ವಲ್ಲ" ಅಂದ್ರು. ಹೊರದೇಶದ ಗಿರಾಕಿಗಳು ಈಗ ಇಂಥದ್ದನ್ನೇ ಕೇಳ್ತಿದ್ದಾರೆ, ಇನ್ಮೇಲೆ ನಾವೂ ಇದನ್ನೇ ಮಾಡೋದು ಅಂತ ಮ್ಯಾನೇಜರು ಹೇಳಿದ್ರು. ಹೇಳಿ ಸುಮ್ಮನೆ ಹೋಗಿದ್ರೆ ಆಗೋದು. ಹೋಗೋ ಮುಂಚೆ ನನ್ನ ಕಡೆ ತಿರುಗಿ, "ಮರಿಯಪ್ಪ, ನೀನು ಹೇಳು, ಯಾವುದು ವಾಸಿ?" ಅಂತ ಕೇಳಿದ್ರು. ನಾನು ಉಸ್ತಾದರ ಎದುರಿಗೇ, "ಇದೇ ವಾಸಿ ಸಾರ್" ಅಂದೆ.

ಮುಖಸ್ತುತಿಗೆ ಹೇಳಿದ್ದಲ್ಲ, ಮನಸ್ಸಲ್ಲಿದ್ದದ್ದನ್ನೇ ಹೇಳಿದೆ. ಇವತ್ತಿಗೂ ಅದರಲ್ಲಿ ಅರ್ಧ ಒಪ್ತೀನಿ. ಚರ್ಮದ ಜೀನಿನ ಉಪಚಾರ ಬಾಣಂತಿ ಉಪಚಾರ. ಮಳೆಗಾಲ ಬಂತೂಂದ್ರೆ ಹಸಿರು ಬೂಷ್ಟು ಹಿಡಿಯುತ್ತೆ, ಒರೆಸಬೇಕು, ಸೋಪು ಹಚ್ಚಬೇಕು, ಎಣ್ಣೆ ತಿಕ್ಕಬೇಕು. ಎಣ್ಣೆ ಕಡಿಮೆ ಆದ್ರೆ ಬಿರಿಯುತ್ತೆ, ಜಾಸ್ತಿ ಆದ್ರೆ ಹೊಲಿಗೆ ಕೊಳೆಯುತ್ತೆ. ಸಿಂಥೆಟಿಕ್ಕಿಗೆ ಪೈಪಲ್ಲಿ ನೀರು ಬಿಟ್ಟು ನೆರಳಲ್ಲಿ ಇಟ್ರೆ ಮುಗೀತು. ಬೆಲೆ ಕಡಿಮೆ. ತೂಕ ಅರ್ಧ, ಹತ್ತು ವರ್ಷದ ಮಗೂನೂ ತಾನೇ ಎತ್ತಿ ಕುದುರೆ ಮೇಲಿಡಬಹುದು. ಚರ್ಮ ಮುಟ್ಟಲ್ಲ ಅನ್ನೋ ಜನ ಇದ್ದಾರೆ, ಅವರೂ ಸವಾರಿ ಕಲೀಬಹುದು. ಕೆಲವು ಜಾತಿಯವುಗಳಲ್ಲಿ ಕುದುರೆ ಹೆಗಲ ಮೇಲೆ ಕೂರೋ ಮುಂಭಾಗದ ಕಮಾನನ್ನ ಬಿಚ್ಚಿ ಅಗಲದ್ದು, ಕಿರಿದಾದ್ದು ಅಂತ ಬದಲಾಯಿಸಬಹುದು. ಇದೆಲ್ಲ ನಿಜವಾದ ಅನುಕೂಲಗಳು, ನಗೆಯಾಡೋ ಮಾತಲ್ಲ.

ಮಿಕ್ಕ ಅರ್ಧ ನಿಧಾನಕ್ಕೆ ಗೊತ್ತಾಯ್ತು. ನಮ್ಮ ಬಿಸಿಲಿಗೆ ಅದರ ಕೆಳಗೆ ಕುದುರೆ ಬೆನ್ನು ಬೆವೆತು ತೊಪ್ಪೆ ಆಗುತ್ತೆ, ಚರ್ಮ ಹೀರೋ ಹಾಗೆ ಅದು ಹೀರಲ್ಲ. ಅಂಚು ಬಿಟ್ಟುಕೊಂಡ್ರೆ ಮತ್ತೆ ಹೊಲಿದ್ರೂ ನಿಲ್ಲಲ್ಲ. ವರ್ಷ ಕಳೆದ ಹಾಗೆ ಚರ್ಮ ಆ ಕುದುರೆ ಮೈಗೆ ಹೊಂದಿಕೊಂಡು ಕೂರುತ್ತೆ, ಇದು ತಂದ ದಿನ ಹೆಂಗಿತ್ತೋ ಹಂಗೇ. ಎಲ್ಲಕ್ಕಿಂತ ಮುಖ್ಯವಾದ್ದು, ಚರ್ಮ ಹಾಳಾಗೋ ಮುಂಚೆ ಹೇಳುತ್ತೆ. ಒಳಗೆ ಏನಾದ್ರೂ ಮುರಿದ್ರೆ ಕಿರ್ ಅನ್ನುತ್ತೆ, ಕೂರೋ ಜಾಗದಲ್ಲಿ ಸುಕ್ಕು ಬೀಳುತ್ತೆ. ಸಿಂಥೆಟಿಕ್ಕು ಏನೂ ಹೇಳಲ್ಲ. ಒಳಗೆ ಏನೇ ಆಗಿರಲಿ, ಮೇಲೆ ಅಂಗಡೀಲಿದ್ದ ಹಾಗೇ ಇರುತ್ತೆ. ಕಾರ್ಖಾನೇಲಿ ಹೊಸದು ಮಾಡಿ ಕಳಿಸೋರಿಗೆ ಇದು ಗೊತ್ತಾಗೋದೇ ಇಲ್ಲ, ಯಾಕಂದ್ರೆ ಹಳೇದಾದ ಮೇಲೆ ಅದು ನಮ್ಮ ಕಣ್ಣಿಗೆ ಬೀಳಲ್ಲ.

ಉಸ್ತಾದರ ವಿಷಯ ಮುಗಿಸ್ತೀನಿ. ದಬ್ಬಣ ಹಿಡಿದ ಕೈಗೆ ಗೋಂದಿನ ಬ್ರಷ್ ಕೊಟ್ರು. ಅವರು ಬೇಡ ಅನ್ನಲಿಲ್ಲ. ಮೂರು ತಿಂಗಳು ಫೋಮಿನ ತುಂಡಿಗೆ ಗೋಂದು ಬಳಿದ್ರು. ಜಟಕಾ ಕುದುರೆ ಬರೋದು ನಿಂತಿತ್ತು, ಅದರ ಜಾಗದಲ್ಲಿ ಫೈಬರಿನ ಕುದುರೆ ಬೆನ್ನೊಂದನ್ನ ಸ್ಟ್ಯಾಂಡಿಗೆ ಕೂರಿಸಿದ್ರು. ಒಂದು ಶನಿವಾರ ಉಸ್ತಾದ್ ತಮ್ಮ ಹತಾರಗಳನ್ನೆಲ್ಲ ಒಂದು ಲುಂಗಿ ಬಟ್ಟೇಲಿ ಸುತ್ತಿಕೊಂಡು ಹೊರಟ್ರು. ಅವರ ಮೂಳೆ ಹಿಡಿಯ ದಬ್ಬಣ ನನಗೆ ಕೊಟ್ಟು ಹೋಗ್ತಾರೆ ಅಂತ ನಾನು ಗೇಟಿನ ತನಕ ಜೊತೆಗೆ ನಡೆದೆ. ಕೊಡಲಿಲ್ಲ. "ಕೈ ಇಡೋದು ಬಿಡಬೇಡ ಬೇಟಾ" ಅಂತಷ್ಟೇ ಅಂದ್ರು. ನನಗೆ ದಬ್ಬಣ ಸಿಗದ ಬೇಜಾರಲ್ಲಿ ಆ ಮಾತು ಸರಿಯಾಗಿ ಕಿವಿಗೆ ಹೋಗಲಿಲ್ಲ.

ಆಮೇಲೆ ಕಾರ್ಖಾನೇಲಿ ವಯಸ್ಸಾದವರನ್ನ ಕಡಿಮೆ ಮಾಡಿದಾಗ ನಾನು ಹೊರಗೆ ಬಂದೆ. ವೈಟ್‌ಫೀಲ್ಡ್ ಕಡೆಯ ಸವಾರಿ ಶಾಲೆಯಲ್ಲಿ ಜೀನು, ಲಗಾಮು ನೋಡಿಕೊಳ್ಳೋ ಕೆಲಸ ಸಿಕ್ತು. ಸುತ್ತಮುತ್ತಲ ಐಟಿ ಕಂಪನಿಗಳವರು ಶನಿವಾರ ಭಾನುವಾರ ಕಲಿಯೋಕೆ ಬರ್ತಿದ್ರು. ಶಾಲೆ ನಡೆಸ್ತಿದ್ದವರು ಒಬ್ಬ ಮೇಡಂ, ತಾವೇ ಒಳ್ಳೇ ಸವಾರರು, ಮಾತು ಕಡಿಮೆ. ಹೋದ ಮೊದಲ ಮಳೆಗಾಲದಲ್ಲೇ ಬೂಷ್ಟು ಹಿಡಿದ ಹಳೇ ಚರ್ಮದ ಜೀನುಗಳನ್ನ ತೋರಿಸಿ, "ಎಲ್ಲ ತೆಗೆದು ಸಿಂಥೆಟಿಕ್ ತರಿಸೋಣ ಮೇಡಂ, ನನ್ನ ಜವಾಬ್ದಾರಿ" ಅಂದೆ. ಒಂದೊಂದನ್ನೂ ನಾನೇ ಆರಿಸಿ ತಂದೆ. ಬಂದವರೆಲ್ಲ ಸಕ್ಕತ್ತಾಗಿದೆ ಅನ್ನೋರು, ನಾನು ಉಬ್ಬಿ ಹೋಗ್ತಿದ್ದೆ.

ಅಲ್ಲಿ ಕುದುರೆ ನೋಡಿಕೊಳ್ಳೋ ಆಳುಗಳಲ್ಲಿ ಒಬ್ಬ ಶರಣಪ್ಪ. ಕೊಪ್ಪಳದ ಕಡೆಯವನು, ಮೂವತ್ತರ ಆಸುಪಾಸು. ಕಟ್ಟಡದ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದವನು, ಕುದುರೆ ಕಂಡು ಇಲ್ಲೇ ಉಳಿದುಬಿಟ್ಟಿದ್ದ. ಪಟ್ಟಂದೂರು ಅಗ್ರಹಾರದಲ್ಲಿ ಒಂದು ಬಾಡಿಗೆ ರೂಮು ಮಾಡಿಕೊಂಡು, ದಿನಾ ಬೆಳಗಾಗೋ ಹೊತ್ತಿಗೆ ಲಾಯದಲ್ಲಿರ್ತಿದ್ದ. ನನ್ನನ್ನ ಕಾಕಾ ಅನ್ನೋನು. ಅವನ ಸುಪರ್ದಿಗೆ ಇದ್ದದ್ದು ಬೂದಿ ಬಿಳುಪಿನ ಒಂದು ಹೆಣ್ಣು ಕುದುರೆ. ಶಾಲೆಯ ಪಟ್ಟೀಲಿ ಅದರ ಹೆಸರು ಸಿಲ್ವರ್, ಇವನ ಬಾಯಲ್ಲಿ ಬೆಳ್ಳಿ. ತನ್ನ ರೊಟ್ಟೀಲಿ ಒಂದು ಚೂರು ಅದಕ್ಕೆ ಎತ್ತಿಡದೆ ತಿಂತಿರಲಿಲ್ಲ. ಉಸ್ತಾದ್ ನನಗೆ ಕಲಿಸಿದ ಅಂಗೈ ಪಾಠಾನ ಇವನಿಗೆ ನಾನು ಕಲಿಸಿದ್ದೆ, ಅದೂ ಬೆಳ್ಳಿ ಬೆನ್ನ ಮೇಲೇನೇ. ಒಂದೇ ಸಲಕ್ಕೆ ಕಲಿತುಕೊಂಡ.

ಹೋದ ವರ್ಷ ಬೇಸಿಗೇಲಿ ಒಂದು ಬೆಳಗ್ಗೆ ಜೀನಿನ ಕೋಣೆ ಬಾಗಿಲಿಗೆ ಬಂದು ನಿಂತ. "ಕಾಕಾ, ಬೆಳ್ಳಿ ಬೆನ್ನಿಗೆ ಏನೋ ಒತ್ತಾಕತ್ತೈತ್ರಿ. ಜೀನು ತಗೊಂಡು ಹೋದ್ರ ಸಾಕು, ಕಿವಿ ಹಿಂದಕ್ಕ ಹಾಕಿ ಹಲ್ಲು ತೋರಸತೈತಿ."

"ಜೀನು ಇನ್ನೂ ಹೊಸದರ ಹಾಗೇ ಇದೆ ಕಣೋ. ನಾನೇ ಆರಿಸಿ ತಂದಿದ್ದು. ನೀನು ಹೊಟ್ಟೆಪಟ್ಟೀನ ಒಂದೇ ಏಟಿಗೆ ಎಳೀತೀಯ, ಅದಕ್ಕೆ ಹಂಗಾಡುತ್ತೆ."

"ಇಲ್ರಿ ಕಾಕಾ, ಸಾವಕಾಶ ಎಳೀತೀನಿ. ನೀವೊಮ್ಮೆ ಬಂದು ಕೈ ಇಟ್ಟು ನೋಡ್ರಿ."

"ನೋಡೋಣ ನಡಿ" ಅಂದೆ. ಅವತ್ತು ಲಗಾಮಿನ ಬಕಲ್ ಹಾಕೋ ಕೆಲಸ ಇತ್ತು, ಹೋಗಲಿಲ್ಲ. ಮಾರನೇ ದಿನ ಇನ್ನೇನೋ ಕೆಲಸ ಇತ್ತು. ಅವನು ಇನ್ನೆರಡು ಸಲ ಕೇಳಿದ. ಮೂರನೇ ಸಲಕ್ಕೆ ನನಗೆ ರೇಗಿ, "ನನಗೇ ಪಾಠ ಹೇಳ್ತೀಯೇನೋ?" ಅಂದೆ. ಆಮೇಲೆ ಅವನು ಕೇಳಲಿಲ್ಲ.

ಅದಾದ ಭಾನುವಾರ ಬೆಳ್ಳಿ ಒಬ್ಬ ಸವಾರನನ್ನ ಕೆಡವಿತು. ಯಾವತ್ತೂ ಯಾರನ್ನೂ ಬೀಳಿಸಿದ ಕುದುರೆ ಅಲ್ಲ ಅದು. ಸಾಫ್ಟ್‌ವೇರ್ ಕಂಪನಿಯ ಮನುಷ್ಯ, ಮಣಿಕಟ್ಟು ಮುರೀತು, ದೊಡ್ಡ ಗಲಾಟೆ ಆಯ್ತು. ಮೇಡಂ ನನ್ನನ್ನ ಕರೆದು, "ಮರಿಯಪ್ಪನವರೇ, ಸ್ಯಾಡಲ್ ಚೆಕ್ ಮಾಡಿ, ಏನಿದೆ ಅಂತ ಬರೆದುಕೊಡಿ" ಅಂದ್ರು.

ನಾನು ಮಾಡಿದ್ದು ಇಷ್ಟು. ಜೀನನ್ನ ತಂದು ಮರದ ಸ್ಟ್ಯಾಂಡ್ ಮೇಲಿಟ್ಟೆ. ಮೇಲೆ ನೋಡಿದೆ, ಮಗುಚಿ ಕೆಳಗೆ ನೋಡಿದೆ. ಒಂದು ಹೊಲಿಗೆ ಬಿಟ್ಟಿರಲಿಲ್ಲ, ಒಂದು ಗೀರಿರಲಿಲ್ಲ, ಕಪ್ಪಗೆ ಮಿರಿಮಿರಿ ಅಂತಿತ್ತು. ಲಾಯ ಅಲ್ಲಿಂದ ಇಪ್ಪತ್ತು ಹೆಜ್ಜೆ. ಬೆಳ್ಳಿ ಅಲ್ಲೇ ಕಟ್ಟಿತ್ತು. ಜೀನು ಒಯ್ದು ಅದರ ಬೆನ್ನ ಮೇಲಿಟ್ಟು, ಒಬ್ಬರನ್ನ ಕೂರಿಸಿ ಒಂದು ಸಲ ಕೈ ತೂರಿಸಿದ್ರೆ ಐದು ನಿಮಿಷದ ಕೆಲಸ. ಮಾಡಲಿಲ್ಲ. ನಾನು ಆರಿಸಿದ ಜೀನು, ನೋಡೋಕೆ ಹೊಸದರ ಹಾಗಿದೆ, ಇನ್ನೇನು ನೋಡೋದು ಅಂದುಕೊಂಡೆ. ಪುಸ್ತಕದಲ್ಲಿ ಬರೆದೆ: "ಜೀನು ಸರಿಯಾಗಿದೆ. ಹೊಟ್ಟೆಪಟ್ಟಿ ಬಿಗಿಯುವುದರಲ್ಲಿ ಅಜಾಗರೂಕತೆ ಕಾಣುತ್ತದೆ." ಕೆಳಗೆ ಸಹಿ ಹಾಕಿದೆ.

ಹೊಟ್ಟೆಪಟ್ಟಿ ಬಿಗಿಯೋನು ಶರಣಪ್ಪ. ಮಾರನೇ ದಿನವೇ ಅವನನ್ನ ಕೆಲಸದಿಂದ ತೆಗೆದ್ರು. ಬ್ಯಾಗು ಹೆಗಲಿಗೆ ಹಾಕಿಕೊಂಡು ನನ್ನ ಬಾಗಿಲಿಗೆ ಬಂದ.

"ಕಾಕಾ, ನೀವು ಹಂಗ ಬರದೀರಂತ. ಖರೇ ಏನ್ರಿ?"

"ಕಂಡದ್ದು ಬರೆದೆ ಕಣೋ."

ಅವನು ಲಾಯಕ್ಕೆ ಹೋಗಿ ಬೆಳ್ಳಿ ಮುಂದೆ ಇದ್ದ ಬಕೆಟ್ಟಿನ ಹಳೇ ನೀರು ಚೆಲ್ಲಿ ಹೊಸ ನೀರು ಹಿಡಿದಿಟ್ಟ. ಅದು ಇನ್ನು ಅವನ ಕೆಲಸ ಆಗಿರಲಿಲ್ಲ. ಬೆಳ್ಳಿ ಕತ್ತು ಚಾಚಿ ಅವನ ಜೇಬು ಮೂಸಿತು. ಅವನು ಗೇಟು ದಾಟಿ ಹೋಗೋದನ್ನ ನಾನು ಕಿಟಕೀಲಿ ನೋಡ್ತಾ ಇದ್ದೆ.

ಜೀನು ಸರಿಯಾಗಿದೆ ಅಂತ ನಾನು ಬರೆದ ಮೇಲೆ ಅದರ ಬಗ್ಗೆ ಯಾರು ಅನುಮಾನ ಪಡ್ತಾರೆ. ಹೊಸ ಆಳು ಬಂದ, ಅದೇ ಜೀನು ಹಾಕಿದ, ಮತ್ತೆ ಐದು ವಾರ ಅದೇ ಬೆನ್ನ ಮೇಲೆ ಜನ ಕೂತ್ರು. ಬೆಳ್ಳಿ ಹೆಗಲ ದಿಬ್ಬ ಊದಿಕೊಂಡಿತು, ಕೀವು ಕಟ್ಟಿತು. "ಶರಣಪ್ಪ ಮಾಡಿಟ್ಟು ಹೋದ ಗಾಯ" ಅಂತ ಎಲ್ಲರೂ ಅಂದ್ರು, ನಾನೂ ಅಂದೆ. ಡಾಕ್ಟರು ಬಂದು ನೋಡಿ, ಕೊಯ್ದು ಕೀವು ತೆಗೆದು, ಇದರ ಮೇಲೆ ಇನ್ನು ಯಾರನ್ನೂ ಕೂರಿಸೋ ಹಾಗಿಲ್ಲ ಅಂತ ಹೇಳಿ ಹೋದ್ರು.

ಜೀನು ಖಾಲಿ ಇತ್ತು. ಬೇರೆ ಕುದುರೆಗೆ ಹಾಕೋಣ ಅಂತ ಅದರ ಪಟ್ಟಿ ಬದಲಾಯಿಸೋಕೆ ತೊಡೆ ಮೇಲೆ ಇಟ್ಟುಕೊಂಡೆ. ಮುಂಭಾಗ ಎರಡು ಮಂಡಿ ನಡುವೆ ಸಿಕ್ಕಿಸಿ ಪಟ್ಟಿ ಎಳೆದಾಗ ಮಂಡಿ ಒತ್ತಿಗೆ ಕಮಾನು ಒಳಕ್ಕೆ ಸರೀತು. ಸರಿಯಬಾರದು ಅದು. ಮೇಲಿನ ಹೊದಿಕೆ ಬಿಚ್ಚಿದೆ, ಫೋಮು ತೆಗೆದೆ. ಒಳಗಿನ ಪ್ಲಾಸ್ಟಿಕ್ ಚೌಕಟ್ಟು ಕಮಾನಿನ ಹತ್ತಿರ ಎರಡು ತುಂಡಾಗಿತ್ತು. ಯಾರೋ ಯಾವತ್ತೋ ಎತ್ತರದಿಂದ ಕೆಡವಿರಬೇಕು. ಮುರಿದ ತುದಿ ಸರಿಯಾಗಿ ಬೆಳ್ಳಿಗೆ ಗಾಯ ಆದ ಜಾಗದ ನೇರಕ್ಕೆ ಇಳಿದಿತ್ತು. ಸವಾರ ಕೂತಾಗ ಅದು ಒಳಕ್ಕೆ ನಾಟೋದು, ಇಳಿದಾಗ ಮೇಲಕ್ಕೆ ಏಳೋದು. ನಾನು ಅಂಗೈ ಇಟ್ಟಿದ್ರೆ ನನ್ನ ಬೆರಳು ನೀಲಿಗಟ್ಟಿರೋದು, ಶರಣಪ್ಪ ಲಾಯದಲ್ಲೇ ಇರ್ತಿದ್ದ.

ತಕ್ಷಣ ಎದ್ದು ಹೋಗಿ ಮೇಡಂಗೆ ಹೇಳಬೇಕಾಗಿತ್ತು. ಇಲ್ಲೇ ನಾನು ಮನುಷ್ಯನಾಗಿ ಸೋತಿದ್ದು. ನನ್ನ ನಿವೃತ್ತಿಗೆ ಹನ್ನೊಂದು ದಿನ ಬಾಕಿ ಇತ್ತು. ಸನ್ಮಾನ ಮಾಡ್ತೀವಿ ಅಂತ ಹೇಳಿದ್ರು, ಪೀಣ್ಯದ ಹಳೇ ಗೆಳೆಯರನ್ನೂ ಕರೆದಿದ್ರು. ಅದು ಮುಗೀಲಿ ಅಂದುಕೊಂಡೆ. ಮುರಿದ ಚೌಕಟ್ಟನ್ನ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಎಸೆದೆ. ಆ ಹನ್ನೊಂದು ದಿನ ಲಾಯದ ಕಡೆ ಕಾಲು ಹಾಕಲಿಲ್ಲ. ಒಂದು ಮಧ್ಯಾಹ್ನ ಒಂದು ಟೆಂಪೋ ಬಂತು. ಕೆಲಸಕ್ಕೆ ಬಾರದ ಕುದುರೇನ ಶಾಲೆ ಎಷ್ಟು ದಿನ ಸಾಕುತ್ತೆ, ಯಾರೋ ದಲ್ಲಾಳಿ ಬಂದಿದ್ದ. ಹಲಗೆ ಇಟ್ಟು ಬೆಳ್ಳೀನ ಹತ್ತಿಸಿದ್ರು. ಹತ್ತೋಕೆ ಒಪ್ಪದೆ ಅದು ಎರಡು ಸಲ ತಿರುಗಿ ಲಾಯದ ಕಡೆ ನೋಡಿತು. ಅದೇ ಕಿಟಕೀಲಿ ನಿಂತು ಇದನ್ನೂ ನೋಡಿದೆ. ಎಲ್ಲಿಗೆ ಅಂತ ನಾನು ಕೇಳಲಿಲ್ಲ.

ಸನ್ಮಾನ ಆಯ್ತು. ಶಾಲು, ಪೇಟ, ಹಣ್ಣಿನ ಬುಟ್ಟಿ. ಮರಿಯಪ್ಪನವರ ಕೈ ಯಾವತ್ತೂ ತಪ್ಪಿದ್ದಿಲ್ಲ ಅಂತ ಮೇಡಂ ಮಾತಾಡಿದ್ರು. ಪೇಟ ಹಣೆಗೆ ಬಿಗಿಯಾಗಿತ್ತು, ಆ ಮಾತು ಮುಗಿಯೋ ತನಕ ಹಣ್ಣಿನ ಬುಟ್ಟೀನೇ ನೋಡ್ತಾ ಕೂತಿದ್ದೆ. ಮನೆಗೆ ಬಂದು ಕೂತೆ. ಸಾವಿತ್ರಿ ಶಾಲು ಮಡಿಸ್ತಾ, "ಯಾಕ್ರೀ, ಇಂಥ ದಿನ ಮುಖ ಹೀಗೆ?" ಅಂದಳು. ಎಲ್ಲ ಹೇಳಿದೆ. ಮಧ್ಯೆ ಬಾಯಿ ಹಾಕದೆ ಕೇಳಿದಳು. ಕೊನೇಲಿ, "ಹೋಗಿ ಹೇಳಿ ಬನ್ನಿ. ಅಲ್ಲೀತನಕ ಇದನ್ನ ಬೀರುವಲ್ಲಿ ಇಡಲ್ಲ" ಅಂದು ಶಾಲನ್ನ ಕುರ್ಚಿ ಮೇಲೇ ಬಿಟ್ಟಳು.

ಮಾರನೇ ದಿನ ಹೋಗಿ ಅಟ್ಟದಿಂದ ಆ ಗೋಣಿ ಇಳಿಸಿ ಮೇಡಂ ಮೇಜಿನ ಮೇಲೆ ಬಿಚ್ಚಿದೆ. ಅವರು ಮುರಿದ ಜಾಗಕ್ಕೆ ಬೆರಳಿಟ್ಟು ನೋಡಿದ್ರು. "ಯಾವತ್ತು ಗೊತ್ತಾಯ್ತು ನಿಮಗೆ?" ಅಂತ ಕೇಳಿದ್ರು. ಹೇಳಿದೆ. ಬೈದಿದ್ರೆ ಎಷ್ಟೋ ಹಗುರ ಆಗೋದು. ಅವರು ಬೈಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ದಲ್ಲಾಳಿಗೆ ಫೋನ್ ಮಾಡಿದ್ರು, ಅವನು ಎತ್ತಲಿಲ್ಲ. ಶರಣಪ್ಪನದು ಏನೂ ತಪ್ಪಿಲ್ಲ, ಅವನನ್ನ ವಾಪಸ್ ತಗೋತೀವಿ ಅಂತ ಒಂದು ಕಾಗದ ಬರೆದು, ಸಹಿ ಮಾಡಿ, "ನೀವೇ ತಲುಪಿಸಿ" ಅಂತ ಕೊಟ್ರು.

ಅವನ ಫೋನ್ ನಂಬರು ಸತ್ತು ಹೋಗಿತ್ತು. ಪಟ್ಟಂದೂರು ಅಗ್ರಹಾರಕ್ಕೆ ಹೋಗಿ ಅವನಿದ್ದ ರೂಮು ಹುಡುಕಿದೆ. ಮನೆ ಓನರಮ್ಮ ಅಲ್ಲೇ ಹುಟ್ಟಿ ಬೆಳೆದ ಒಕ್ಕಲುಮನೆಯ ಅಜ್ಜಿ, ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸ್ತಿದ್ರು. "ಆ ಕುದ್ರೆ ಉಡ್ಗನಾ? ಓದ್ ತಿಂಗ್ಳೇ ಖಾಲಿ ಮಾಡ್ಕೊಂಡೋದ ಕಣಪ್ಪ. ನಾಕ್ ದಿನ ಉಣ್ಣದೆ ಮಲ್ಗಿದ್ದ, ಏನಾಯ್ತೋ ಅಂದ್ರೆ ಬಾಯೇ ಬಿಡ್ಲಿಲ್ಲ. ಕುಂದಲಳ್ಳಿ ಕಡೆ ಯಾವ್ದೋ ಕಂಪ್ನಿ ಗೇಟಲ್ಲಿ ನಿಂತವ್ನಂತೆ" ಅಂದ್ರು.

ಮೂರು ದಿನ ಕುಂದಲಹಳ್ಳಿ ಸುತ್ತ ಗೇಟಿಂದ ಗೇಟಿಗೆ ಅಲೆದೆ. ಅಲ್ಲಿ ಗೇಟುಗಳಿಗೇನು ಬರ. ನಾಲ್ಕನೇ ದಿನ ಬೆಳಗ್ಗೆ ಒಂದು ದೊಡ್ಡ ಕಂಪನಿ ಮುಂದೆ ಕಂಡ. ನೀಲಿ ಅಂಗಿ, ತಲೆ ಮೇಲೆ ಟೋಪಿ, ಕೈಯಲ್ಲಿ ಸೀಟಿ. ಕಾರು ಬಂದಾಗೆಲ್ಲ ಅಡ್ಡಗೋಲು ಎತ್ತೋದು, ಇಳಿಸೋದು. ನನ್ನನ್ನ ಕಂಡು ಅವನ ಕೈ ಒಂದು ಕ್ಷಣ ನಿಂತಿತು.

ಹತ್ತಿರ ಹೋಗಿ, "ಶರಣಪ್ಪ, ತಪ್ಪು ನನ್ನದು ಕಣಪ್ಪ. ಜೀನಿನ ಒಳಗೆ ಮುರಿದಿತ್ತು. ನಾನು ಸರಿಯಾಗಿ ನೋಡಲಿಲ್ಲ" ಅಂದೆ. ಕಾಗದ ಕೊಟ್ಟೆ. ಅವನು ಅದನ್ನ ಬಿಡಿಸಿ ನೋಡದೆ ಹಾಗೇ ಜೇಬಿಗೆ ಹಾಕಿಕೊಂಡ.

"ಮೇಡಂ ವಾಪಸ್ ಬಾ ಅಂದಿದ್ದಾರೆ."

"ಕುದ್ರಿ ಕೆಲಸ ಬಿಟ್ಟೀನ್ರಿ ಸರ."

ಕಾಕಾ ಹೋಗಿ ಸರ ಆಗಿದ್ದೆ ನಾನು. ಯಾಕೆ ಅಂತ ಯಾವ ಮುಖ ಇಟ್ಟುಕೊಂಡು ಕೇಳೋದು.

ಒಂದು ಕಾರು ಬಿಟ್ಟು ಬಂದು ಅವನೇ ಮಾತು ತೆಗೆದ. "ನಾ ಕೈ ಇಟ್ಟು ನೋಡಿದ್ನಿರಿ. ಮೂರು ಬೆರಳು ಕೆಂಪಾಗಿದ್ವು. ಅದಕ್ಕ ನಿಮ್ಮನ್ನ ಕರದೆ. ನೀವ ಕಲಿಸಿದ್ರಿ ಅದನ್ನ."

ಅವನ ಈ ಮಾತೇ ಹೋದ ತಿಂಗಳು ಕಾರ್ಖಾನೆಯ ಮೈಕಲ್ಲಿ ನನ್ನ ಗಂಟಲು ದಾಟದೆ ಉಳಿದದ್ದು. ಆ ಹುಡುಗಿ ಕೇಳಿದ್ದಕ್ಕೆ ನನ್ನ ನಿಜವಾದ ಉತ್ತರ ಇದು: ಚರ್ಮದ್ದಾದ್ರೂ ಮಾಡಮ್ಮ, ಸಿಂಥೆಟಿಕ್ ಆದ್ರೂ ಮಾಡು. ಸಿಂಥೆಟಿಕ್ಕು ಮಾಡಿದ್ರೆ ಇನ್ನೂ ಹೆಚ್ಚು ಕೈ ಇಡು, ಯಾಕಂದ್ರೆ ಅದು ತಾನಾಗಿ ಏನನ್ನೂ ತೋರಿಸಲ್ಲ. ಕುದುರೆ ನೋಡಿಕೊಳ್ಳೋನು ಬಂದು ಹೇಳಿದ್ರೆ, ಕೈಯಲ್ಲಿರೋ ಕೆಲಸ ಬಿಟ್ಟು ಎದ್ದು ಹೋಗು. ಬೆಳ್ಳಿ ಬೆನ್ನು ಕೆಡಿಸಿದ್ದು ಪ್ಲಾಸ್ಟಿಕ್ಕಲ್ಲ, ಇಪ್ಪತ್ತು ಹೆಜ್ಜೆ ನಡೆಯದೆ ಸಹಿ ಹಾಕಿದ ನಾನು.

ಶರಣಪ್ಪ ರಸ್ತೆ ಕಡೆ ನೋಡ್ತಾ ಕೇಳಿದ. "ಬೆನ್ನು ಮಾಯ್ತೇನ್ರಿ ಅದರದ?"

"ಡಾಕ್ಟರು ಕೊಯ್ದು ಕೀವು ತೆಗೆದ್ರು. ಇನ್ನು ಸವಾರಿಗೆ ಆಗಲ್ಲ ಅಂದ್ರು."

"ಆಗದಿದ್ರ ಬಿಡ್ರಿ, ಕೂಡೋದು ಬ್ಯಾಡ. ಎಲ್ಲೈತ್ರಿ ಈಗ? ರಜಾ ದಿನ ಹೋಗಿ ನೋಡ್ಕೊಂಡು ಬರ್ತೀನಿ."

ಅವನ ಮುಖದಲ್ಲಿ ಮೊದಲ ಸಲ ಹಳೇ ಶರಣಪ್ಪ ಕಂಡ. ಸುಳ್ಳು ಹೇಳಿಬಿಡೋಣ, ಯಾರದೋ ತೋಟದಲ್ಲಿ ಚೆನ್ನಾಗಿದೆ ಅನ್ನೋಣ ಅಂತ ಬಾಯಿ ತನಕ ಬಂತು. ಆದ್ರೆ ಅವನು ಯಾವ ತೋಟ ಅಂತ ಕೇಳಿಯೇ ಕೇಳ್ತಾನೆ.

"ಟೆಂಪೋದಲ್ಲಿ ಕರಕೊಂಡು ಹೋದ್ರು ಕಣಪ್ಪ. ಎಲ್ಲಿಗೆ ಅಂತ ಗೊತ್ತಿಲ್ಲ."

"ನೀವು ಇದ್ದಿಲ್ಲೇನ್ರಿ ಅವತ್ತು?"

"ಇದ್ದೆ."

"ಕೇಳಲಿಲ್ಲೇನ್ರಿ?"

"ಇಲ್ಲ" ಅಂದೆ.

ಅವನು ಟೋಪಿ ಸರಿ ಮಾಡಿಕೊಂಡು ಅಡ್ಡಗೋಲಿನ ಹಗ್ಗಕ್ಕೆ ಕೈ ಹಾಕಿದ.

"ಬಾಜೂಕ ಸರೀರಿ ಸರ. ಗಾಡಿ ಬರಾಕತ್ತಾವು."

ನಾನು ಸರಿದು ನಿಂತೆ.